ತರ್ಕದ ಪುಸ್ತಕ ಓದಿದರೆ ನಂಬಿಕೆ ಗಟ್ಟಿಯಾಗುತ್ತಾ?

ಗಟ್ಟಿಯಾಗುತ್ತದೆ ಅಂತ ಭರವಸೆ ಕೊಡಲಾರೆ, ಆದರೂ ಓದಿ. ಆಫೀಸಿನಲ್ಲಿ ‘ಈ ಕಾಲದಲ್ಲೂ ಯೇಸು, ಪೂಜೆ ಎಲ್ಲ ನಂಬ್ತೀಯಾ’ ಅಂದಾಗ ಬಾಯಿ ಕಟ್ಟುತ್ತದೆ, ಕ್ರೈಸ್ತ ನಂಬಿಕೆಯ ಬಗ್ಗೆ ಬರೆದ ಇಂಗ್ಲಿಷ್ ಲೇಖಕ ಸಿ.ಎಸ್. ಲೂಯಿಸ್ ಓದಿದರೆ ಉತ್ತರ ಸಿಗುತ್ತಾ ಅಂತ ಕೇಳಿದ್ದೀರಿ. ನಾನೂ ಮಂಗಳೂರಿನ ಕ್ಯಾಥೋಲಿಕ್, ಹಾಗಾಗಿ ಈ ಪ್ರಶ್ನೆ ಹೊಸದಲ್ಲ.

ಲೂಯಿಸ್‌ನ ‘ಮಿಯರ್ ಕ್ರಿಶ್ಚಿಯಾನಿಟಿ’ ಪುಸ್ತಕವಾಗಿದ್ದು 1952ರಲ್ಲಿ. ಮೊದಲು ಅದು ಎರಡನೇ ಮಹಾಯುದ್ಧದ ಹೊತ್ತಿನ ಬಿಬಿಸಿ ರೇಡಿಯೋ ಭಾಷಣ, ಅದಕ್ಕೇ ಮಾತಾಡಿದಂತಿದೆ. ಲೂಯಿಸ್ ಒಂದು ಕಾಲಕ್ಕೆ ನಾಸ್ತಿಕ, ಎದುರಿನವರ ವಾದ ಆತನಿಗೆ ಚೆನ್ನಾಗಿ ಗೊತ್ತು. ಪುಸ್ತಕದ ಎರಡನೇ ಭಾಗವನ್ನು ಬೇರೆಬೇರೆ ಕ್ರೈಸ್ತ ಪಂಗಡಗಳ, ಅಂದರೆ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕ್ಯಾಥೋಲಿಕ್ ಪಾದ್ರಿಗಳು ನಾಲ್ವರಿಗೂ ಕಳಿಸಿ ಅಭಿಪ್ರಾಯ ಕೇಳಿದ್ದ. ಹಾಗಾಗಿ ಮಂಗಳೂರಿನಲ್ಲಿ ಬಲ್ಮಠದ ಪ್ರೊಟೆಸ್ಟೆಂಟರೂ ಬೆಂದೂರಿನ ಕ್ಯಾಥೋಲಿಕರಾದ ನಾವೂ ಜಗಳವಿಲ್ಲದೆ ಓದಬಹುದು.

ಅದರ ಹೆಸರುವಾಸಿ ವಾದ ಇದು: ಪಾಪ ಕ್ಷಮಿಸುತ್ತೇನೆ ಅನ್ನುವ ಯೇಸುವನ್ನು ಬರೀ ಒಳ್ಳೆಯ ಗುರು ಅಂದರೆ ಸಾಲದು, ಒಂದೋ ಹುಚ್ಚ, ಇಲ್ಲ ಮೋಸಗಾರ, ಇಲ್ಲ ದೇವರೇ. ಇಂಗ್ಲೆಂಡಿನ ಕೇಳುಗ ಇಲ್ಲಿ ಸಿಕ್ಕಿಬೀಳುತ್ತಾನೆ. ಉಡುಪಿ ಕಡೆಯ ನನ್ನ ಹಿಂದೂ ಸಹೋದ್ಯೋಗಿಗೆ ಇದನ್ನೇ ಹೇಳಿದೆ. ‘ದೇವರೇ ಮಾರಾಯ್ರೆ, ಅದರಲ್ಲೇನು ಡೌಟು? ನಾವು ಕಾರ್ಕಳದ ಅತ್ತೂರು ಚರ್ಚಿನ ಜಾತ್ರೆಗೆ ಹೋಗಿ ಕ್ಯಾಂಡಲ್ ಹಚ್ಚುತ್ತೇವಲ್ಲ’ ಅಂದುಬಿಟ್ಟರು! ಇನ್ನೇನು ವಾದ ಮಾಡುವುದು?

ನಮ್ಮೂರಲ್ಲಿ ದೇವರು ಅಂತ ಒಪ್ಪಿಸುವುದು ಸುಲಭ, ‘ಆತನೊಬ್ಬನೇ ಯಾಕೆ’ ಅನ್ನುವಲ್ಲಿ ಗಾಡಿ ನಿಲ್ಲುತ್ತದೆ. ಲೂಯಿಸ್‌ಗೂ ಇದು ಹೊಳೆದಿತ್ತು. ಭಾರತದವರು ‘ನಾನೂ ದೇವರೂ ಒಂದೇ’ ಅಂದರೆ ವಿಚಿತ್ರವಲ್ಲ, ಯೇಸು, ದೇವರು ಬೇರೆ ಲೋಕ ಬೇರೆ ಅಂತ ನಂಬುವ ಯಹೂದಿಯಾಗಿದ್ದರಿಂದ ಆ ಮಾತಿನ ತೂಕವೇ ಬೇರೆ ಅನ್ನುತ್ತಾನೆ. ಆದರೆ ಬೇಗ ಮುಂದೆ ಹೋಗಿಬಿಡುತ್ತಾನೆ. ನಾವು ನಿಧಾನಿಸಬೇಕಾದದ್ದು ಅಲ್ಲೇ. ಇನ್ನೊಂದು, ಯೇಸುವಿನ ಬದುಕನ್ನು ಹೇಳುವ ಬೈಬಲ್‌ನ ಸುವಾರ್ತೆಗಳನ್ನು ಬರೆದದ್ದು ಘಟನೆ ನಡೆದು ಹಲವು ದಶಕದ ಮೇಲೆ, ಯೇಸು ನಿಜಕ್ಕೂ ಹಾಗೆ ಹೇಳಿದನಾ ಅಂತ ಯಾರಾದರೂ ಕೇಳಿದರೆ ಈ ಪುಸ್ತಕ ಹಿಡಿದುಕೊಂಡು ಹೋದರೆ ಸಾಲದು, ಬೈಬಲ್ ಇತಿಹಾಸವನ್ನೂ ಸ್ವಲ್ಪ ಓದಬೇಕು.

ನನಗೆ ಗೊತ್ತಿರುವ ಹುಡುಗರಲ್ಲಿ ವಾದದಲ್ಲಿ ಸೋತು ಇಗರ್ಜಿ (ಚರ್ಚು) ಬಿಟ್ಟವರು ಯಾರೂ ಇಲ್ಲ. ಶಿಫ್ಟು, ಪಿಜಿ, ಭಾನುವಾರದ ನಿದ್ದೆ, ಅಷ್ಟೇ. ಅವರೇ ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ, ಅಂದರೆ ಮೇರಿ ಮಾತೆಯ ಹುಟ್ಟುಹಬ್ಬ ಮತ್ತು ಹೊಸ ತೆನೆ ಹಬ್ಬಕ್ಕೆ, ರಜೆ ಹಾಕಿ ಊರಿಗೆ ಬರುತ್ತಾರೆ, ಆಶೀರ್ವದಿಸಿದ ತೆನೆಯ ಭತ್ತ ಸುಲಿದು ಪಾಯಸಕ್ಕೆ ಹಾಕಿ ಅಮ್ಮ ಕೊಟ್ಟರೆ ತೆಪ್ಪಗೆ ಕುಡಿಯುತ್ತಾರೆ. ಅದನ್ನು ನಂಬಿಕೆ ಅನ್ನಬೇಕೋ ಅಭ್ಯಾಸ ಅನ್ನಬೇಕೋ, ಅವರನ್ನೇ ಕೇಳಿ. ನಾನಂತೂ ನಂಬಿಕೆ ಅಂತಲೇ ಲೆಕ್ಕ ಹಾಕುತ್ತೇನೆ.

ಆಫೀಸಿನವರಿಗೆ ಉತ್ತರ ಬೇಕಾದರೆ ಎರಡನೇ ಭಾಗ ಓದಿ. ನಿಮಗೋಸ್ಕರ ಓದುವುದಾದರೆ ಮೂರನೇ ಭಾಗದಲ್ಲಿ ಅಹಂಕಾರದ ಬಗ್ಗೆ ಒಂದು ಅಧ್ಯಾಯ ಇದೆ, ಅದರಿಂದ ಶುರು ಮಾಡಿ. ಅಲ್ಲಿ ವಾದ ಕಡಿಮೆ, ಚುಚ್ಚುವುದು ಜಾಸ್ತಿ.