ಅಜ್ಜನ ಅಣೆಕಟ್ಟು, ಅಜ್ಜಿಯ ತೆರ್ಸ್: ಓದುಗರೊಬ್ಬರಿಗೆ ಸಂಪಾದಕರ ಉತ್ತರ

(ಬೆಂಗಳೂರಿನ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ಓದುಗರೊಬ್ಬರು ನಮಗೆ ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಮನೆಮಾತು ಕೊಂಕಣಿ, ಕ್ಯಾಥೊಲಿಕ್ ಕುಟುಂಬ. ಅಜ್ಜ ಹೊನ್ನಾವರದ ಕಡೆಯಿಂದ ಘಟ್ಟ ಹತ್ತಿ, ಲಿಂಗನಮಕ್ಕಿ ಅಣೆಕಟ್ಟಿನ ಕೆಲಸದಲ್ಲಿ ಮೇಸ್ತ್ರಿಯಾಗಿದ್ದವರು. ಅವರ ಮೇಲೆ ಕಾದಂಬರಿ ಬರೆಯಬೇಕು ಅಂತ ಅರವತ್ತು ಪುಟ ಬರೆದಿದ್ದಾರೆ, ಮುಂದೆ ಹೋಗುತ್ತಿಲ್ಲ. ಅವರ ಪ್ರಶ್ನೆ ಮೂರು. ಚರ್ಚಿಗೆ ಇಗರ್ಜಿ, ಸಂಜೆಯ ಜಪಮಾಲೆ ಪ್ರಾರ್ಥನೆಗೆ ತೆರ್ಸ್ ಎಂದೆಲ್ಲ ಬರೆದರೆ ಕನ್ನಡದ ಓದುಗರು ಇದು ನಮ್ಮದಲ್ಲ ಅಂದುಕೊಳ್ಳುವುದಿಲ್ಲವೇ? ನಂಬಿಕೆಯ ಬಗ್ಗೆ ಬರೆದರೆ ಪ್ರಚಾರ ಅನ್ನಿಸುವುದಿಲ್ಲವೇ? ಬೇರೆ ಧರ್ಮದವರನ್ನು ಮದುವೆಯಾಗಿ ಮನೆಯಿಂದ ದೂರವಾದ ಅಜ್ಜನ ಅಣ್ಣನ ಕಥೆಯನ್ನು ಬರೆಯಬೇಡ ಅಂತ ಮನೆಯವರು ಹೇಳುತ್ತಿದ್ದಾರೆ, ಏನು ಮಾಡಲಿ?)

ನಿಮ್ಮ ಪತ್ರ ಓದಿ ಬಹಳ ಸಂತೋಷವಾಯಿತು. ನೀವು ಕಳಿಸಿದ ಅರವತ್ತು ಪುಟವನ್ನೂ ಓದಿದೆ. ಮೊದಲು ನಿಮ್ಮ ಕಾದಂಬರಿಯಲ್ಲಿ ನನಗೆ ಕಂಡದ್ದನ್ನು ಹೇಳುತ್ತೇನೆ. ಪ್ರಶ್ನೆಗಳಿಗೆ ಉತ್ತರ ಅಲ್ಲಲ್ಲೇ ಸಿಗುತ್ತದೆ.

ನೀವು ಅಜ್ಜನನ್ನು ತುಂಬಾ ಒಳ್ಳೆಯವರನ್ನಾಗಿ ಮಾಡಿದ್ದೀರಿ. ಕಷ್ಟಪಟ್ಟು ದುಡಿದರು, ಮಕ್ಕಳನ್ನು ಓದಿಸಿದರು, ಭಾನುವಾರದ ಪೂಜೆ ತಪ್ಪಿಸಲಿಲ್ಲ. ಇದೆಲ್ಲ ನಿಜವೇ ಇರಬಹುದು. ಆದರೆ ಇಪ್ಪತ್ತೆರಡನೇ ಪುಟದಲ್ಲಿ ಒಂದೇ ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಕೆಲಸಕ್ಕೆ ಹೋಗುವ ದಾರಿಯಲ್ಲಿ ಒಂದು ಮನೆಯವರು ಅಜ್ಜನಿಗೆ ಮಜ್ಜಿಗೆ ಕೊಡುತ್ತಿದ್ದರು. ಮುಂದೆ ಆ ಮನೆ ನೀರಿನಲ್ಲಿ ಮುಳುಗಿತು. ಅಷ್ಟೇ. ನನಗೆ ಸ್ವಲ್ಪ ಹೊತ್ತು ಅಲ್ಲಿಂದ ಮುಂದೆ ಓದಲಾಗಲಿಲ್ಲ, ಕೈಬರಹ ಮುಚ್ಚಿಟ್ಟು ಕೂತೆ. ಯಾರ ಮನೆಯ ಮಜ್ಜಿಗೆ ಕುಡಿದರೋ ಅವರ ಮನೆ ಮುಳುಗಿಸುವ ಗೋಡೆಯನ್ನು ನಿಮ್ಮ ಅಜ್ಜ ಕಟ್ಟುತ್ತಿದ್ದರು. ಆ ಬಟವಾಡೆಯ ದುಡ್ಡಿನಲ್ಲೇ ನಿಮ್ಮ ಅಪ್ಪ ಓದಿದರು. ಭಾನುವಾರ ಪೂಜೆಯಲ್ಲಿ ಮೊಣಕಾಲೂರಿದಾಗ ಅಜ್ಜನ ಮನಸ್ಸಿನಲ್ಲಿ ಏನಿತ್ತು? ನಿಮ್ಮ ಕಾದಂಬರಿ ಅಲ್ಲಿದೆ.

ಮನೆತನದಿಂದ ಬಂದದ್ದು ಎಂದರೆ ನಾವು ಸಾಮಾನ್ಯವಾಗಿ ಹೆಮ್ಮೆ ಪಡುವುದನ್ನಷ್ಟೇ ಲೆಕ್ಕ ಹಾಕುತ್ತೇವೆ. ಸಾಲವೂ ಅದರಲ್ಲಿ ಸೇರಿದೆ. ಯಾರಿಗೋ ಕೊಡಬೇಕಾಗಿದ್ದು, ಕೊಡದೆ ಉಳಿದದ್ದು. ಕ್ರೈಸ್ತ ಮನೆಯಲ್ಲಿ ಹುಟ್ಟಿದ ಬರಹಗಾರರಿಗೆ ಈ ಲೆಕ್ಕ ಹೊಸದೇನೂ ಅಲ್ಲ. ಪೂಜೆ ಶುರುವಾಗುವುದೇ ನಮ್ಮ ತಪ್ಪನ್ನು ಒಪ್ಪಿಕೊಳ್ಳುವುದರಿಂದ ಅಲ್ವಾ? ಮಾಡಿದ್ದನ್ನಷ್ಟೇ ಅಲ್ಲ, ಮಾಡದೆ ಬಿಟ್ಟದ್ದನ್ನೂ ಅಲ್ಲಿ ಹೇಳಿಕೊಳ್ಳುತ್ತಾರೆ. ನಿಮ್ಮ ನಂಬಿಕೆ ಕಾದಂಬರಿಯೊಳಗೆ ಬರಬೇಕಾದ ಬಾಗಿಲು ಇದು ಅಂತ ನನಗನ್ನಿಸುತ್ತದೆ.

ನೀವು ಬರೆಯುತ್ತಿರುವ ನೆಲದಲ್ಲೇ ನಿಮಗಿಂತ ಮೊದಲು ಒಬ್ಬರು ನಡೆದು ಹೋಗಿದ್ದಾರೆ. ಕಾದಂಬರಿಕಾರ ನಾ. ಡಿಸೋಜ. ನೀವು ಪತ್ರದಲ್ಲಿ ಅವರ ಹೆಸರು ಹೇಳಿಲ್ಲ, ನನಗೆ ಆಶ್ಚರ್ಯವಾಯಿತು. 1937ರಲ್ಲಿ ಸಾಗರದಲ್ಲಿ ಹುಟ್ಟಿದರು. 2025ರ ಜನವರಿಯಲ್ಲಿ ತೀರಿಕೊಂಡರು. ಅಪ್ಪ ಶಾಲೆಯ ಮೇಷ್ಟ್ರು. ಶಾಲೆಯ ಮಕ್ಕಳಿಗಾಗಿ ಅವರು ಒಂದು ಪುಸ್ತಕದಲ್ಲಿ ಶಿಶುಗೀತೆ ಬರೆದಿಟ್ಟುಕೊಂಡಿದ್ದರು, ಮಗ ಅದನ್ನು ಓದುತ್ತಾ ಬೆಳೆದ. ಅಮ್ಮನಿಗೆ ಜನಪದ ಕಥೆ, ಹಾಡು ಗೊತ್ತಿದ್ದವು. ಆ ಮನೆಯಿಂದ ಅವರಿಗೆ ಸಿಕ್ಕಿದ್ದು ಇಷ್ಟು. ದೊಡ್ಡ ಆಸ್ತಿ ಇಲ್ಲ, ವಂಶದ ಚರಿತ್ರೆ ಇಲ್ಲ. ಒಂದು ಬರೆದಿಟ್ಟ ಪುಸ್ತಕ, ಒಬ್ಬ ಅಮ್ಮನ ದನಿ. ಮಕ್ಕಳಿಗಾಗಿ ಅವರು ಕೊನೆಯವರೆಗೂ ಪ್ರೀತಿಯಿಂದ ಬರೆದದ್ದರ ಹಿಂದೆ ಆ ಅಪ್ಪನ ಪುಸ್ತಕ ಇದೆ ಅಂತ ನಾನು ನಂಬುತ್ತೇನೆ. 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದದ್ದು ‘ಮುಳುಗಡೆಯ ಊರಿಗೆ ಬಂದವರು’ ಕೃತಿಗೆ. ಮಕ್ಕಳಿಗೆ ಬರೆಯುವಾಗಲೂ ಅವರು ಮುಳುಗಡೆಯನ್ನು ಬಿಡಲಿಲ್ಲ, ಗಮನಿಸಿ.

ಅವರ ಕೆಲಸ ಲೋಕೋಪಯೋಗಿ ಇಲಾಖೆಯಲ್ಲಿ. ಶರಾವತಿ ಯೋಜನೆಯ ಕಡತಗಳ ಪಕ್ಕದಲ್ಲೇ ಕೂತು ದುಡಿದವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ನೀರು 1,819 ಅಡಿಯವರೆಗೆ ನಿಲ್ಲುವ ಹಾಗೆ ಕಟ್ಟಿದ್ದು. ಅದಕ್ಕೂ ಮೊದಲು ಅದೇ ನದಿಗೆ ಹಿರೇಭಾಸ್ಕರದಲ್ಲಿ ಒಂದು ಅಣೆಕಟ್ಟು ಇತ್ತು, ಹೊಸ ನೀರಿನಲ್ಲಿ ಅದೂ ಮುಳುಗಿತು. ಊರು, ಗದ್ದೆ, ತೋಟ, ದೇವರ ಬನ ಎಲ್ಲ ಹೋಯಿತು. ನಾಡಿಗೆ ಬೆಳಕು ಬಂತು. ಮುಳುಗಡೆಯಾದವರ ಎಷ್ಟೋ ಕುಟುಂಬಗಳು ಇವತ್ತಿಗೂ ಉಳುವ ಜಮೀನಿನ ಹಕ್ಕುಪತ್ರಕ್ಕಾಗಿ ಓಡಾಡುತ್ತಿವೆ. ಡಿಸೋಜರು ಇದನ್ನು ಸರ್ಕಾರಿ ಮೇಜಿನ ಈ ಕಡೆಯಿಂದ ನೋಡಿದರು. ಬರೆಯುವಾಗ ಆ ಕಡೆ ಹೋಗಿ ನಿಂತರು. ‘ಮುಳುಗಡೆ’ ಬಂತು, ‘ದ್ವೀಪ’ ಬಂತು. ‘ದ್ವೀಪ’ದಲ್ಲಿ ಗಣಪಯ್ಯ, ನಾಗವೇಣಿ ಬಿಟ್ಟುಹೋಗಲಾಗದ ಮನೆಯಲ್ಲಿ ಉಳಿಯುತ್ತಾರೆ, ಸುತ್ತ ನೀರು ಏರುತ್ತಾ ಬರುತ್ತದೆ. 2002ರಲ್ಲಿ ಗಿರೀಶ್ ಕಾಸರವಳ್ಳಿ ಅದನ್ನು ಸಿನಿಮಾ ಮಾಡಿದ ಮೇಲೆ ಓದದವರಿಗೂ ಆ ಕಥೆ ಗೊತ್ತಾಯಿತು.

ಆ ಪುಸ್ತಕದಲ್ಲಿ ಇಗರ್ಜಿ ಬರುವುದಿಲ್ಲ, ಪಾದ್ರಿಗಳೂ ಬರುವುದಿಲ್ಲ. ಆದರೂ ನನಗೆ ಅದು ನಂಬಿಕೆಯುಳ್ಳ ಮನುಷ್ಯ ಬರೆದ ಪುಸ್ತಕ ಅನ್ನಿಸುತ್ತದೆ. ನೆರೆಯವರ ಮನೆಗೆ ನೀರು ನುಗ್ಗುವಾಗ ಇವರಿಗೆ ನಿದ್ದೆ ಬರಲಿಲ್ಲ, ಅದಕ್ಕೆ. ಇನ್ನೊಂದು ಕಡೆ ಅವರದೇ ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಇದೆ. ಘಟ್ಟದ ಕೆಳಗಿಂದ ಬಂದು ಮಲೆನಾಡಿನ ಪೇಟೆಯಲ್ಲಿ ಬೇರು ಬಿಟ್ಟ ಕೊಂಕಣಿ ಕ್ರೈಸ್ತರ ಕಥೆ. ನೀವು ಮೊದಲು ಅದನ್ನು ಹುಡುಕಿ ಓದಿ. ನಿಮ್ಮ ಅಜ್ಜನಂಥವರು ಅಲ್ಲಿ ಸಿಗುತ್ತಾರೆ. ಇವೆರಡನ್ನೂ ಬರೆದವರು ಒಬ್ಬರೇ, ನೋಡುವ ಕಣ್ಣೂ ಒಂದೇ. 2014ರ ಜನವರಿಯಲ್ಲಿ ಮಡಿಕೇರಿಯಲ್ಲಿ ನಡೆದ 80ನೇ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಅವರನ್ನೇ ಅಧ್ಯಕ್ಷರನ್ನಾಗಿ ಕೂರಿಸಿದರು. ಕನ್ನಡದ ಓದುಗರು ಒಪ್ಪುತ್ತಾರಾ ಅನ್ನುವ ನಿಮ್ಮ ಮೊದಲ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಹತ್ತಿರ ಇಲ್ಲ.

ಇನ್ನು ಓದುಗರಿಗೆ ಪರಕೀಯ ಅನ್ನಿಸುವ ವಿಷಯ. ನಿಮ್ಮ ಕೈಬರಹದಲ್ಲಿ ಮೊಂತಿ ಹಬ್ಬದ ಅಧ್ಯಾಯ ಇದೆ, ತುಂಬಾ ಚೆನ್ನಾಗಿದೆ. ಸೆಪ್ಟೆಂಬರ್ 8, ಮಾತೆ ಮರಿಯಳ ಹುಟ್ಟುಹಬ್ಬ. ಅದಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳು ಹೂ ಕೊಯ್ದು ಇಗರ್ಜಿಗೆ ಒಯ್ಯುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗೆ ಆಶೀರ್ವಾದ ಮಾಡಿಸಿ ಮನೆಗೆ ತರುತ್ತಾರೆ. ಕಾಳು ಸುಲಿದು ಪುಡಿ ಮಾಡಿ ತೆಂಗಿನ ಹಾಲಿಗೆ ಸೇರಿಸುತ್ತಾರೆ. ಮನೆಯ ಹಿರಿಯರು ಎಲ್ಲರಿಗೂ ಕೊಡುತ್ತಾರೆ. ಅವತ್ತು ಮೀನು, ಮಾಂಸ ಇಲ್ಲ, ಬಾಳೆಲೆಯಲ್ಲಿ ತರಕಾರಿ ಊಟ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಹೊಸ್ತು ಹಬ್ಬ ಮಾಡುವ ಯಾವ ಮನೆಯವರಿಗೆ ಇದು ಗೊತ್ತಾಗುವುದಿಲ್ಲ ಹೇಳಿ? ಆದರೆ ನೀವು ಮಧ್ಯೆ ಮಧ್ಯೆ ನಿಂತು, ಇದು ಹೀಗೆ, ಅದು ಹಾಗೆ ಅಂತ ವಿವರಿಸುತ್ತೀರಿ. ಅದನ್ನೆಲ್ಲ ತೆಗೆದುಬಿಡಿ. ಮನೆಗೆ ಬಂದ ನೆಂಟರಿಗೆ ನಾವು ಅಡುಗೆಯ ಪಾಠ ಮಾಡುತ್ತೇವೆಯೇ? ಎಲೆ ಹಾಕಿ ಬಡಿಸುತ್ತೇವೆ. ಅಜ್ಜಿ ಸಂಜೆ ದೀಪ ಹಚ್ಚಿ ತೆರ್ಸ್ ಶುರು ಮಾಡಿದರು, ಮಣಿ ಎಣಿಸುತ್ತಾ ನಡುವೆ ಬೆಕ್ಕನ್ನು ಗದರಿಸಿದರು ಅಂತ ಬರೆದಿದ್ದೀರಲ್ಲ, ಅಷ್ಟು ಸಾಕು. ತೆರ್ಸ್ ಎಂದರೇನು ಅಂತ ಓದುಗರಿಗೆ ತಾನಾಗಿ ತಿಳಿಯುತ್ತದೆ.

ಪ್ರಚಾರ ಅನ್ನಿಸುವ ಭಯಕ್ಕೂ ಉತ್ತರ ಇಲ್ಲೇ ಇದೆ. ಬೆಕ್ಕನ್ನು ಗದರಿಸಿಕೊಂಡು ಪ್ರಾರ್ಥನೆ ಮಾಡುವ ಅಜ್ಜಿ ಯಾರನ್ನೂ ಮತಾಂತರ ಮಾಡಲು ಹೊರಟವರಲ್ಲ. ಮೂವತ್ತೇಳನೇ ಪುಟದಲ್ಲಿ ಪಾದ್ರಿಗಳ ಬಾಯಲ್ಲಿ ಬರುವ ಉದ್ದನೆಯ ಪ್ರವಚನ ಮಾತ್ರ ಬೇಡ. ಅದು ಪಾದ್ರಿಗಳ ಮಾತಿನ ಹಾಗಿಲ್ಲ, ನಿಮ್ಮ ಮಾತಿನ ಹಾಗಿದೆ.

ಈಗ ಕಷ್ಟದ ಪ್ರಶ್ನೆಗೆ ಬರೋಣ. ಅಜ್ಜನ ಅಣ್ಣನ ಕಥೆ. ಸಂಜೆಯ ಪ್ರಾರ್ಥನೆಯಲ್ಲಿ ಸತ್ತವರ ಹೆಸರೆಲ್ಲ ಹೇಳುತ್ತಿದ್ದರು, ಅವರ ಹೆಸರು ಮಾತ್ರ ಬರುತ್ತಿರಲಿಲ್ಲ ಅಂತ ಪತ್ರದಲ್ಲಿ ಬರೆದಿದ್ದೀರಿ. ಕಾದಂಬರಿಯಲ್ಲಿ ಬರೆದಿಲ್ಲ. ಇಲ್ಲಿ ನನಗೆ ನೈಜೀರಿಯಾದ ಚಿನುವಾ ಅಚಿಬೆ ನೆನಪಾಗುತ್ತಾರೆ. 1930ರಲ್ಲಿ ಹುಟ್ಟಿದವರು, ಒಗಿಡಿ ಎಂಬ ಊರಿನವರು. ಅಪ್ಪ ಐಸಾಯ ಆ ಊರಿನಲ್ಲಿ ಮೊದಮೊದಲು ಕ್ರೈಸ್ತರಾದವರಲ್ಲಿ ಒಬ್ಬರು, ಮಿಷನ್ನಿನ ಉಪದೇಶಕರಾಗಿ ಊರೂರು ತಿರುಗಿದವರು. ಅಪ್ಪನನ್ನು ಸಾಕಿದ ತಾಯಿಯ ಕಡೆಯ ಹಿರಿಯರು ಉಡೊ ಒಸಿನ್ಯಿ ಹಳೆಯ ದೇವರನ್ನೇ ನಂಬಿದವರು, ಊರಿನಲ್ಲಿ ದೊಡ್ಡ ಮನುಷ್ಯರು. ಮಿಷನರಿಗಳು ಬಂದಾಗ ತಮ್ಮ ಅಂಗಳದಲ್ಲೇ ಜಾಗ ಕೊಟ್ಟರು. ಸ್ವಲ್ಪ ದಿನದಲ್ಲೇ ಬೇರೆ ಕಡೆ ಹೋಗಿ ಅಂದರು. ಕಾರಣ ಅವರ ಹಾಡು. ಇಷ್ಟು ದುಃಖದ ಹಾಡು ನನ್ನ ಮನೆಯಿಂದ ಕೇಳಿದರೆ ನಾನೇ ಸತ್ತೆ ಅಂತ ನೆರೆಯವರು ತಿಳಿಯುತ್ತಾರೆ ಅನ್ನುವುದು ಅವರ ತಕರಾರು. ಆದರೆ ಹುಡುಗ ಐಸಾಯ ಆ ಹಾಡಿನವರ ಜೊತೆ ಹೋದಾಗ ಅವರು ತಡೆಯಲಿಲ್ಲ.

ಅಚಿಬೆಯ ಬಾಲ್ಯದಲ್ಲಿ ಒಂದು ಕಡೆ ಬೈಬಲ್ ಓದುವ ಅಪ್ಪನ ಮನೆ, ಇನ್ನೊಂದು ಕಡೆ ಹಳೆಯ ದೇವರಿಗೆ ಎಡೆ ಇಡುವ ಅಪ್ಪನ ಸಹೋದರನ ಮನೆ. ಹಬ್ಬದ ದಿನ ಹುಡುಗ ಅಂಥ ಮನೆಗಳಿಗೂ ಹೋಗಿ ಉಂಡು ಬರುತ್ತಿದ್ದ. ಆ ಊಟದ ರುಚಿಯಲ್ಲಿ ತನಗೆ ಯಾವ ದೋಷವೂ ಕಾಣಲಿಲ್ಲ ಅಂತ ಮುಂದೆ ಬರೆದುಕೊಂಡಿದ್ದಾರೆ. 1958ರಲ್ಲಿ ಅವರ ಮೊದಲ ಕಾದಂಬರಿ ‘ಥಿಂಗ್ಸ್ ಫಾಲ್ ಅಪಾರ್ಟ್’ ಬಂತು. ಅದರಲ್ಲಿ ನ್ವೊಯೆ ಎಂಬ ಹುಡುಗನನ್ನು ಹೊಸ ಧರ್ಮಕ್ಕೆ ಸೆಳೆಯುವುದು ಒಂದು ಹಾಡು. ಯೋಚನೆ ಮಾಡಿ. ಮನೆಯ ಹಿರಿಯರ ಕಿವಿಗೆ ಸಾವಿನ ಮನೆಯ ಹಾಡಾಗಿ ಕೇಳಿದ್ದು, ಈ ಹುಡುಗನ ಒಣಗಿದ ಮನಸ್ಸಿಗೆ ನೀರಾಗುತ್ತದೆ. ಅಚಿಬೆ ಯಾರ ಕಿವಿಯನ್ನೂ ತಪ್ಪು ಅನ್ನಲಿಲ್ಲ. ಆ ಮನೆತನದ ಜಗಳವನ್ನು ಬಗೆಹರಿಸಲೂ ಹೋಗಲಿಲ್ಲ. ಎರಡೂ ಮನೆಯಲ್ಲಿ ಉಂಡವನ ನ್ಯಾಯ ಅದು.

ನೀವೂ ಎರಡೂ ಮನೆಯಲ್ಲಿ ಉಣ್ಣಬೇಕು. ದೊಡ್ಡಜ್ಜನನ್ನು ಹೊರಗಿಟ್ಟ ನಿಮ್ಮ ಮುತ್ತಜ್ಜಿಯ ಮನಸ್ಸಿನೊಳಗೂ ಹೋಗಿ. ಮಗನ ಹೆಸರು ಹೇಳದೆ ಪ್ರಾರ್ಥನೆ ಮುಗಿಸುವ ತಾಯಿಗೆ ಎಷ್ಟು ಕಷ್ಟ ಆಗಿರಬೇಕು! ಅವರನ್ನು ಕಟುಕಿಯಾಗಿ ತೋರಿಸಿದರೆ ನಿಮ್ಮ ಮನೆಯವರು ನೊಂದುಕೊಳ್ಳುವುದು ಸರಿಯೇ. ಅವರ ಸಂಕಟವನ್ನೂ ಬರೆದರೆ ಮನೆಯವರಿಗೆ ನಿಮ್ಮ ಉದ್ದೇಶ ಅರ್ಥವಾಗಬಹುದು. ಆಗದೆಯೂ ಇರಬಹುದು. ಹೆಸರು, ಊರು, ಗುರುತು ಎಲ್ಲ ಬದಲಾಯಿಸಿ. ದೊಡ್ಡಜ್ಜನ ಮಕ್ಕಳು ಮೊಮ್ಮಕ್ಕಳು ಬದುಕಿದ್ದರೆ ಅಚ್ಚಿಗೆ ಮೊದಲು ಅವರಿಗೆ ಓದಲು ಕೊಡಿ. ಆದರೆ ಬರೆಯುವುದನ್ನು ಬಿಡಬೇಡಿ. ಪ್ರಾರ್ಥನೆಯಲ್ಲಿ ಜಾಗ ಸಿಗದವರಿಗೆ ಕಾದಂಬರಿಯಲ್ಲಾದರೂ ಸಿಗಲಿ ಅನ್ನುವುದು ನನ್ನ ಆಸೆ.

ಬರವಣಿಗೆ ನಿಂತು ಎರಡು ವರ್ಷ ಆಯಿತು ಅಂತ ಬೇಸರ ಮಾಡಿಕೊಂಡಿದ್ದೀರಿ. ಅಮೆರಿಕದ ಮೆರಿಲಿನ್ ರಾಬಿನ್ಸನ್ ಅವರ ಮೊದಲ ಕಾದಂಬರಿ ಬಂದದ್ದು 1980ರಲ್ಲಿ, ಎರಡನೆಯದು ‘ಗಿಲಿಯಡ್’ 2004ರಲ್ಲಿ. ನಡುವೆ 24 ವರ್ಷ. ಆ ಕಾಲದಲ್ಲಿ ಅವರು ತಮ್ಮ ಪಂಥದ ಹಳೆಯ ಪುಸ್ತಕಗಳನ್ನು, ಗುಲಾಮಗಿರಿಯ ವಿರುದ್ಧ ನಿಂತ ಪಾದ್ರಿಗಳ ಚರಿತ್ರೆಯನ್ನು ಓದಿದರು. ಹುಟ್ಟಿದ್ದು ಐಡಹೊದಲ್ಲಿ, ಆದರೆ ಪಾಠ ಹೇಳಲು ಹೋದ ಅಯೋವಾದ ಹಿರಿಯರನ್ನೂ ತಮ್ಮವರನ್ನಾಗಿ ಮಾಡಿಕೊಂಡರು. ‘ಗಿಲಿಯಡ್’ನಲ್ಲಿ ಒಬ್ಬ ಅಜ್ಜ ಬರುತ್ತಾರೆ. ಗುಲಾಮರ ಬಿಡುಗಡೆಗೆ ಹೋರಾಡಿದ ಪಾದ್ರಿ. ಯಾರು ಏನು ಕೇಳಿದರೂ ಮನೆಯಲ್ಲಿದ್ದದ್ದನ್ನು ಎತ್ತಿ ಕೊಟ್ಟುಬಿಡುತ್ತಾರೆ. ಅವರ ಕಣ್ಣಿಗೆ ಬೀಳದ ಹಾಗೆ ಮನೆಯವರು ಸಾಮಾನು ಬಚ್ಚಿಡಬೇಕು. ದೊಡ್ಡ ಮನುಷ್ಯನ ಜೊತೆ ಒಂದೇ ಸೂರಿನಡಿ ಬದುಕುವುದು ಎಷ್ಟು ಕಷ್ಟ ಅನ್ನುವುದು ಅಲ್ಲಿ ಕಾಣುತ್ತದೆ. ನಿಮ್ಮ ಅಜ್ಜನ ಬಗ್ಗೆ ಅಜ್ಜಿಗೆ ಏನು ತಕರಾರಿತ್ತು? ಅರವತ್ತು ಪುಟದಲ್ಲಿ ಒಂದೂ ಇಲ್ಲ!

ಒಂದು ಕೆಲಸ ಮಾಡಿ. ಊರಿಗೆ ಹೋದಾಗ ಹಿರಿಯರನ್ನು ಹಳೇ ಕಥೆ ಹೇಳಿ ಅಂತ ಕೇಳಬೇಡಿ. ಆಗ ಎಲ್ಲರೂ ಹೇಳಿ ಹೇಳಿ ಸವೆದದ್ದನ್ನೇ ಹೇಳುತ್ತಾರೆ. ಬಟವಾಡೆ ಯಾವ ವಾರ ಆಗುತ್ತಿತ್ತು, ಕ್ಯಾಂಪಿನ ಮನೆಗೆ ಮಾಡು ಯಾವುದು, ಮಳೆಗಾಲದಲ್ಲಿ ಒಣಮೀನು ಎಲ್ಲಿಂದ ಬರುತ್ತಿತ್ತು, ಪೂಜೆಗೆ ಎಷ್ಟು ದೂರ ನಡೆಯಬೇಕಿತ್ತು, ಇಂಥದ್ದನ್ನು ಕೇಳಿ. ಇಗರ್ಜಿಯಲ್ಲಿ ಜ್ಞಾನಸ್ನಾನದ, ಮದುವೆಯ, ಮರಣದ ರಿಜಿಸ್ಟರ್ ಇರುತ್ತದೆ. ಪಾದ್ರಿಗಳ ಒಪ್ಪಿಗೆ ಪಡೆದು ನೋಡಿ. ದೊಡ್ಡಜ್ಜನ ಹೆಸರು ಮರಣದ ಪುಸ್ತಕದಲ್ಲಿ ಇಲ್ಲದಿರಬಹುದು, ಜ್ಞಾನಸ್ನಾನದ ಪುಸ್ತಕದಲ್ಲಂತೂ ಇರಲೇಬೇಕು. ಮತ್ತೆ, ಮಜ್ಜಿಗೆ ಕೊಟ್ಟ ಆ ಮನೆಯವರು ಈಗ ಎಲ್ಲಿದ್ದಾರೆ ಅಂತ ವಿಚಾರಿಸಿ. ಸಿಕ್ಕರೆ ಹೋಗಿ ಮಾತಾಡಿಸಿ. ಅವರ ಕಡೆಯ ಮಾತು ಇಲ್ಲದೆ ಈ ಕಾದಂಬರಿ ಅರ್ಧವೇ ಆಗುತ್ತದೆ.

ಮಜ್ಜಿಗೆಯ ಮನೆಯಿಂದಲೇ ಮೊದಲ ಅಧ್ಯಾಯವನ್ನು ಮತ್ತೆ ಬರೆದು ಕಳಿಸಿ. ಕೈಬರಹವಾದರೂ ಸರಿ, ಟೈಪ್ ಮಾಡಿದ್ದಾದರೂ ಸರಿ. ಇಲ್ಲಿ ಧಾರಾವಾಹಿಯಾಗಿ ಹಾಕುವ ಮಾತು ಆಮೇಲೆ ಆಡೋಣ. ಅಜ್ಜಿ ಬೆಕ್ಕನ್ನು ಗದರಿಸುವ ಸಾಲನ್ನು ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ.

– ಸಂಪಾದಕ