ಲೋಟ, ಪಾವು, ಕಪ್: ಓದುಗರ ಅಳತೆ ಪ್ರಶ್ನೆಗಳು

ಪ್ರಶ್ನೆ: ಅಮೆರಿಕದ ರೆಸಿಪಿಯಲ್ಲಿ ಎರಡು ಕಪ್ ಮೈದಾ ಎಂದಿತ್ತು. ಮನೆಯ ಸ್ಟೀಲ್ ಲೋಟದಲ್ಲಿ ಎರಡು ಲೋಟ ಹಾಕಿದೆ. ಕೇಕ್ ಒಣಗಿ ಬಿರುಕು ಬಿಟ್ಟಿತು. ಯಾಕೆ? (ದಾವಣಗೆರೆಯ ಓದುಗರು)

ಉತ್ತರ: ಮೊದಲ ಅನುಮಾನ ಲೋಟದ ಮೇಲೆ. ಅಮೆರಿಕದ ಕಪ್ ಸುಮಾರು 240 ಮಿ.ಲೀ. ನಮ್ಮ ಲೋಟಗಳು 200ಕ್ಕೂ ಇವೆ, 300ಕ್ಕೂ ಇವೆ. ಎಲ್ಲವನ್ನೂ ಒಂದೇ ಲೋಟದಲ್ಲಿ ಅಳೆಯುವ ಅಡುಗೆಗೆ ಇದರಿಂದ ತೊಂದರೆಯಿಲ್ಲ. ಕೇಕಿಗೆ ಮಾತ್ರ ಮೊಟ್ಟೆ ಎಣಿಸಿ ಹಾಕುತ್ತೀರಿ, ಬೇಕಿಂಗ್ ಪೌಡರನ್ನು ಚಮಚದಲ್ಲಿ ಹಾಕುತ್ತೀರಿ. ಲೋಟ ದೊಡ್ಡದಾದರೆ ಹಿಟ್ಟೊಂದೇ ಹೆಚ್ಚುತ್ತದೆ.

ಇನ್ನೊಂದು, ತುಂಬುವ ರೀತಿ. ಕಪ್ಪನ್ನೇ ಡಬ್ಬಿಗೆ ಹಾಕಿ ಮೊಗೆದರೆ ಮೈದಾ ಒತ್ತಿಕೊಂಡು 150 ಗ್ರಾಂವರೆಗೂ ತೂಗುತ್ತದೆ. ಹಿಟ್ಟನ್ನು ಕೆದಕಿ, ಚಮಚದಿಂದ ಸಡಿಲವಾಗಿ ತುಂಬಿ, ಚಾಕುವಿನ ಬೆನ್ನಿನಿಂದ ಮೇಲ್ಭಾಗ ಸವರಿದರೆ ಅದೇ ಕಪ್ಪಿಗೆ 120–125 ಗ್ರಾಂ. ಎರಡು ಕಪ್ಪಿಗೆ 50 ಗ್ರಾಂ ಹೆಚ್ಚಾದರೆ ಕೇಕ್ ಗಟ್ಟಿಯಾಗದೆ ಇರುವುದಿಲ್ಲ. ಕಪ್ಪನ್ನು ಕುಟ್ಟಲೇಬೇಡಿ.

ಟೀ ಚಮಚ 5 ಮಿ.ಲೀ., ಟೇಬಲ್ ಚಮಚ 15. ಹದಿನಾರು ಟೇಬಲ್ ಚಮಚಕ್ಕೆ ಒಂದು ಕಪ್. ಆಸ್ಟ್ರೇಲಿಯಾದ ಟೇಬಲ್ ಚಮಚ ಮಾತ್ರ 20 ಮಿ.ಲೀ.; ಅಲ್ಲಿನ ರೆಸಿಪಿಗೆ ನಾಲ್ಕು ಟೀ ಚಮಚ ಹಾಕಿ.

ಪ್ರಶ್ನೆ: ಎಲೆಕ್ಟ್ರಿಕ್ ಕುಕ್ಕರಿನ ಗೆರೆಯವರೆಗೆ ನೀರು ಹಾಕಿದರೂ ಅನ್ನ ಗಟ್ಟಿಯಾಗುತ್ತದೆ. (ಮಂಗಳೂರಿನ ಓದುಗರು)

ಉತ್ತರ: ಕುಕ್ಕರ್ ಜೊತೆ ಬರುವ ಕಪ್ ಸಾಮಾನ್ಯವಾಗಿ ಜಪಾನಿ ಅಳತೆಯದು, 180 ಮಿ.ಲೀ. ಒಳಗಿನ ಗೆರೆಗಳೂ ಆ ಲೆಕ್ಕದವೇ. ಅಕ್ಕಿಯನ್ನು 240ರ ಕಪ್ಪಿನಲ್ಲಿ ಅಳೆದರೆ ಮೂರು ಕಪ್ ಅಕ್ಕಿ ನಾಲ್ಕರಷ್ಟಾಗುತ್ತದೆ, ನೀರು ಮೂರರದ್ದೇ ಉಳಿಯುತ್ತದೆ. ಆ ಕಪ್ ಕಳೆದುಹೋಗಿದ್ದರೆ 12 ಟೇಬಲ್ ಚಮಚ ನೀರು ಹಿಡಿಯುವ ಲೋಟವೊಂದನ್ನು ಅದಕ್ಕೆಂದೇ ಇಟ್ಟುಕೊಳ್ಳಿ.

ಪ್ರಶ್ನೆ: ಅಜ್ಜಿಯ ಪುಸ್ತಕದಲ್ಲಿ ಚಕ್ಕುಲಿಗೆ ‘ಒಂದು ಸೇರು ಅಕ್ಕಿ, ಒಂದು ಪಾವು ಉದ್ದಿನಬೇಳೆ’ ಎಂದಿದೆ. ಮಿ.ಲೀ.ಗೆ ಹೇಗೆ ತರಲಿ? (ಹಾಸನದ ಓದುಗರು)

ಉತ್ತರ: ತರುವುದೇ ಬೇಡ. ನಾಲ್ಕು ಪಾವಿಗೆ ಒಂದು ಸೇರು. ಅಂದರೆ ನಾಲ್ಕಕ್ಕೆ ಒಂದು. ಯಾವ ಲೋಟವಾದರೂ ಸರಿ, ಎರಡಕ್ಕೂ ಒಂದೇ ಇರಲಿ. ಮನೆಯಲ್ಲಿ ಹಳೆಯ ಪಾವು ಉಳಿದಿದ್ದರೆ ಅದನ್ನು ಅಡುಗೆಮನೆಯ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಅಂಚಿನ ತನಕ ನೀರು ತುಂಬಿ. ಎಷ್ಟು ಗ್ರಾಂ ನೀರೋ ಅಷ್ಟೇ ಮಿ.ಲೀ. ಆ ಅಂಕಿಯನ್ನು ಪುಸ್ತಕದಲ್ಲೇ ಬರೆದಿಡಿ, ಮುಂದಿನವರಿಗೂ ಬೇಕಾಗುತ್ತದೆ. ಬೆಲ್ಲಕ್ಕೆ ಸೇರು ಎಂದಿದ್ದರೆ ಅದು ತೂಕದ ಸೇರು ಇರಬಹುದು. ಅದು ಊರಿಂದ ಊರಿಗೆ ಬೇರೆ. 80 ತೊಲದ ಸೇರಾದರೆ ಸುಮಾರು 933 ಗ್ರಾಂ.

ಪ್ರಶ್ನೆ: ಮೈಸೂರು ಪಾಕಿಗೆ 500 ಗ್ರಾಂ ತುಪ್ಪ ಎಂದರೆ ಅರ್ಧ ಲೀಟರ್ ಪ್ಯಾಕೆಟ್ ಸಾಕೇ? (ಹುಬ್ಬಳ್ಳಿಯ ಓದುಗರು)

ಉತ್ತರ: ಸಾಲದು. ತುಪ್ಪ ನೀರಿಗಿಂತ ಹಗುರ. ಅರ್ಧ ಲೀಟರ್ ತುಪ್ಪ ತೂಗುವುದು ಸುಮಾರು 455 ಗ್ರಾಂ. 500 ಗ್ರಾಂ ಬೇಕಾದರೆ ಕರಗಿಸಿದ ತುಪ್ಪ 550 ಮಿ.ಲೀ. ಅಳೆದುಕೊಳ್ಳಿ.