ಐರನ್ ಮಾತ್ರೆ ಟೈಟ್ರೇಟ್ ಮಾಡಿದರೆ ಲೇಬಲ್‌ಗಿಂತ ಜಾಸ್ತಿ ಕಬ್ಬಿಣ ಬರುವುದು ಯಾಕೆ?

ನೀವು ಕೇಳಿದ್ದು ಇಷ್ಟು: ಮೆಡಿಕಲ್ ಶಾಪ್‌ನಿಂದ ತಂದ ಮಾತ್ರೆಯ ಮೇಲೆ 60 ಮಿ.ಗ್ರಾಂ ಕಬ್ಬಿಣ ಅಂತ ಇದೆ. ಪರ್ಮಾಂಗನೇಟ್ ಹಾಕಿ ಟೈಟ್ರೇಟ್ ಮಾಡಿದರೆ, ಅಂದರೆ ಸಾಂದ್ರತೆ ಗೊತ್ತಿರುವ ದ್ರಾವಣವನ್ನು ಬ್ಯುರೆಟ್‌ನಿಂದ ಹನಿಹನಿಯಾಗಿ ಬಿಟ್ಟು ಎಷ್ಟು ಖರ್ಚಾಯಿತು ಅಂತ ಅಳೆದರೆ, 76 ಬರುತ್ತಿದೆ. ಪ್ರತಿಕ್ರಿಯೆ ಮುಗಿದ ಗುರುತಾಗಿ ಬರುವ ಗುಲಾಬಿ ಬಣ್ಣವೂ ನಿಲ್ಲುತ್ತಿಲ್ಲ, ಸ್ವಲ್ಪ ಹೊತ್ತಿಗೆ ಮಾಯವಾಗುತ್ತಿದೆ.

ನಾನು ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪ್ರಾಕ್ಟಿಕಲ್ ಮಾಡಿಸುತ್ತೇನೆ. ನನ್ನ ಅನುಮಾನ ನಿಮ್ಮ ಕೈಯ ಮೇಲೆ ಅಲ್ಲ, ಮಾತ್ರೆಯಲ್ಲಿರುವ ಲವಣದ ಮೇಲೆ. ಪರ್ಮಾಂಗನೇಟ್‌ಗೆ ಕಬ್ಬಿಣದ ಗುರುತು ಇಲ್ಲ. ಎಲೆಕ್ಟ್ರಾನ್ ಯಾರು ಕೊಟ್ಟರೂ ತೆಗೆದುಕೊಳ್ಳುತ್ತದೆ. ಫೆರಸ್ ಕಬ್ಬಿಣ ಒಂದೊಂದು ಎಲೆಕ್ಟ್ರಾನ್ ಕೊಟ್ಟು ಫೆರಿಕ್ ಆಗುತ್ತದೆ, ಒಂದು ಪರ್ಮಾಂಗನೇಟ್‌ಗೆ ಐದು ಕಬ್ಬಿಣ ಬೇಕು. ನಮ್ಮ ಲೆಕ್ಕವೆಲ್ಲ ಈ ಐದಕ್ಕೊಂದರ ಮೇಲೆ ನಿಂತಿದೆ. ಮಧ್ಯೆ ಬೇರೆ ಯಾವುದಾದರೂ ಎಲೆಕ್ಟ್ರಾನ್ ಕೊಟ್ಟರೆ ಅದೂ ಕಬ್ಬಿಣದ ಖಾತೆಗೇ ಬೀಳುತ್ತದೆ.

ಹಾಗಾಗಿ ಮೊದಲು ಸ್ಟ್ರಿಪ್ಪಿನ ಹಿಂಬದಿ ಓದಿ. ಫೆರಸ್ ಫ್ಯೂಮರೇಟ್ ಅಂತ ಇದ್ದರೆ ನಿಮ್ಮ ಎರಡೂ ತೊಂದರೆಗೆ ಉತ್ತರ ಸಿಕ್ಕಿತು. ಫ್ಯೂಮರೇಟ್‌ನಲ್ಲಿ ಇಂಗಾಲದ ಡಬಲ್ ಬಾಂಡ್ ಇದೆ, ಪರ್ಮಾಂಗನೇಟ್ ಅದನ್ನೂ ಆಕ್ಸಿಡೈಸ್ ಮಾಡುತ್ತದೆ, ಆದರೆ ನಿಧಾನವಾಗಿ. ಕಬ್ಬಿಣ ಮುಗಿದ ಮೇಲೂ ಗುಲಾಬಿ ಬಣ್ಣ ಕರಗುತ್ತಲೇ ಇರುತ್ತದೆ. ಬಣ್ಣ ಹೋಯಿತಲ್ಲ ಅಂತ ನೀವು ಇನ್ನೊಂದು ಹನಿ ಬಿಡುತ್ತೀರಿ, ರೀಡಿಂಗ್ ಏರುತ್ತಾ ಹೋಗುತ್ತದೆ. ಇದಕ್ಕೆ ಪರ್ಮಾಂಗನೇಟ್ ಬಿಟ್ಟು ಸೀರಿಕ್ ಸಲ್ಫೇಟ್ (ಸೀರಿಯಂ ಲವಣ) ಬಳಸಿ, ಇಂಡಿಕೇಟರ್ (ಬಣ್ಣ ಬದಲಿಸಿ ಮುಗಿಯಿತು ಅಂತ ತೋರಿಸುವ ವಸ್ತು) ಫೆರೋಯಿನ್. ಕೆಂಪು ಹೋಗಿ ತಿಳಿ ನೀಲಿ ಬಂದರೆ ಎಂಡ್ ಪಾಯಿಂಟ್, ಅಂದರೆ ಅಲ್ಲಿಗೆ ನಿಲ್ಲಿಸಿ. ಇಲ್ಲಿ ಲೆಕ್ಕ ಒಂದಕ್ಕೊಂದು. ಮಾತ್ರೆಯ ಪುಡಿಯನ್ನು ದುರ್ಬಲ ಸಲ್ಫ್ಯೂರಿಕ್ ಆಮ್ಲದಲ್ಲಿ ಸ್ವಲ್ಪ ಬಿಸಿ ಮಾಡಿ ಕರಗಿಸಿ, ಆರಿದ ಕೂಡಲೇ ಟೈಟ್ರೇಟ್ ಮಾಡಿ.

ವಿಟಮಿನ್ ಸಿ ಸೇರಿಸಿದ ಮಾತ್ರೆ ಇನ್ನೂ ಮೋಸ ಮಾಡುತ್ತದೆ. ಅದು ಸೀರಿಯಂ ಜೊತೆಗೂ ಪ್ರತಿಕ್ರಿಯಿಸುತ್ತದೆ. ಒಂದು ಅಣು ಕಡಿಮೆ ಅಂದರೂ ಎರಡು ಎಲೆಕ್ಟ್ರಾನ್ ಕೊಡುತ್ತದೆ. ಲೆಕ್ಕ ಹಾಕಿ ನೋಡಿ: 100 ಮಿ.ಗ್ರಾಂ ವಿಟಮಿನ್ ಸಿ ನಿಮ್ಮ ಬ್ಯುರೆಟ್‌ನಲ್ಲಿ ಸುಮಾರು 63 ಮಿ.ಗ್ರಾಂ ಕಬ್ಬಿಣದ ವೇಷದಲ್ಲಿ ಕಾಣಿಸುತ್ತದೆ. ಮಾತ್ರೆಯ ಕಬ್ಬಿಣವೇ ಅಷ್ಟು, ಅಲ್ವಾ! ಇಂಥ ಮಾತ್ರೆಗೆ ಟೈಟ್ರೇಶನ್ ಬೇಡ. ಫೆರಸ್ ಕಬ್ಬಿಣದ ಜೊತೆ ಸೇರಿ ಬಣ್ಣ ಕೊಡುವ ಫಿನಾಂತ್ರೊಲಿನ್ ಹಾಕಿ, ಬರುವ ಕಿತ್ತಳೆ-ಕೆಂಪು ಬಣ್ಣವನ್ನು 510 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಅಳೆಯಿರಿ. ಅಲ್ಲಿ ವಿಟಮಿನ್ ಸಿ ತೊಂದರೆ ಕೊಡುವುದಿಲ್ಲ, ಕಬ್ಬಿಣವನ್ನು ಫೆರಸ್ ಆಗಿಯೇ ಉಳಿಸಿ ಸಹಾಯ ಮಾಡುತ್ತದೆ. ಫೋಲಿಕ್ ಆಮ್ಲದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಇರುವುದೇ ಅರ್ಧ ಮಿ.ಗ್ರಾಂ ಆಸುಪಾಸು.

ಇದರ ಉಲ್ಟಾ ಕೇಸೂ ಇದೆ. ಫೆರಿಕ್ ಪಾಲಿಮಾಲ್ಟೋಸ್ ಮಾತ್ರೆಯಲ್ಲಿ ಕಬ್ಬಿಣ ಆಗಲೇ ಫೆರಿಕ್ ಆಗಿರುತ್ತದೆ. ಕೊಡಲು ಎಲೆಕ್ಟ್ರಾನ್ ಇಲ್ಲದ ಕಾರಣ ರೀಡಿಂಗ್‌ನಲ್ಲಿ ಕಬ್ಬಿಣ ಕಾಣುವುದೇ ಇಲ್ಲ. ಹಾಗಂತ ಕಂಪನಿ ಮೋಸ ಮಾಡಿದೆ ಅಂತ ರಿಪೋರ್ಟ್‌ನಲ್ಲಿ ಬರೆದುಬಿಡಬೇಡಿ.

ಪರ್ಮಾಂಗನೇಟ್‌ನಲ್ಲೇ ಪ್ರಾಜೆಕ್ಟ್ ಮುಗಿಸಬೇಕು ಅಂದರೆ ಬರೀ ಫೆರಸ್ ಸಲ್ಫೇಟ್ ಇರುವ ಮಾತ್ರೆ ಹುಡುಕಿ. ಅನೀಮಿಯಾ ಮುಕ್ತ ಭಾರತ ಯೋಜನೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ವಾರಕ್ಕೊಂದು ಕೊಡುವ ನೀಲಿ ಮಾತ್ರೆಯಲ್ಲೂ 60 ಮಿ.ಗ್ರಾಂ ಕಬ್ಬಿಣ ಇರಬೇಕು, ಹೋಲಿಸಿ ನೋಡಲು ಚೆನ್ನಾಗಿರುತ್ತದೆ. ಅದರಲ್ಲೂ ಲವಣ ಯಾವುದು ಅಂತ ಓದಿಯೇ ಶುರು ಮಾಡಿ.

ಇನ್ನೊಂದು ವಿಷಯ ನಿಮ್ಮ ಲೆಕ್ಕದಲ್ಲಿ ಕಣ್ಣಿಗೆ ಬಿತ್ತು. ಐದು ಮಾತ್ರೆಯನ್ನು 250 ಮಿ.ಲೀ. ಮಾಡಿ, ಅದರಲ್ಲಿ 25 ಮಿ.ಲೀ. ತೆಗೆದಿದ್ದೀರಿ. ಅಂದರೆ ಫ್ಲಾಸ್ಕ್‌ನಲ್ಲಿ ಅರ್ಧ ಮಾತ್ರೆ, 30 ಮಿ.ಗ್ರಾಂ ಕಬ್ಬಿಣ. 0.02 ಮೋಲಾರ್ ಪರ್ಮಾಂಗನೇಟ್ ಒಂದು ಮಿ.ಲೀ.ಗೆ 5.585 ಮಿ.ಗ್ರಾಂ ಕಬ್ಬಿಣ, ಹಾಗಾಗಿ 5.4 ಮಿ.ಲೀ.ಗೇ ಎಲ್ಲ ಮುಗಿಯುತ್ತದೆ. ಅಷ್ಟರಲ್ಲಿ 0.1 ಮಿ.ಲೀ. ಆಚೀಚೆ ಆದರೆ ಸುಮಾರು ನೂರಕ್ಕೆ ಎರಡರಷ್ಟು ವ್ಯತ್ಯಾಸ. ಪರ್ಮಾಂಗನೇಟ್ ದ್ರಾವಣವನ್ನು 0.005 ಮೋಲಾರ್‌ಗೆ ಇಳಿಸಿ. ಆಗ ರೀಡಿಂಗ್ 21.5ರ ಹತ್ತಿರ ಬರುತ್ತದೆ, ಅದೇ 0.1 ಮಿ.ಲೀ. ಅರ್ಧ ಪರ್ಸೆಂಟೂ ಆಗುವುದಿಲ್ಲ. ತೆಳು ಮಾಡಿದ ಪರ್ಮಾಂಗನೇಟ್ ಬೇಗ ಕೆಡುತ್ತದೆ, ಅದೇ ದಿನ ಮೋರ್ಸ್ ಸಾಲ್ಟ್ (ಶುದ್ಧ ಫೆರಸ್ ಲವಣ) ಜೊತೆ ಸ್ಟ್ಯಾಂಡರ್ಡೈಸ್ ಮಾಡಿ, ಅಂದರೆ ಅದರ ನಿಜವಾದ ಸಾಂದ್ರತೆ ಕಂಡುಕೊಳ್ಳಿ.

ಆಮ್ಲ ಸಲ್ಫ್ಯೂರಿಕ್ಕೇ ಇರಲಿ. ಹೈಡ್ರೋಕ್ಲೋರಿಕ್ ಹಾಕಿದರೆ ಕ್ಲೋರೈಡ್ ಕೂಡ ಪರ್ಮಾಂಗನೇಟ್ ತಿನ್ನುತ್ತದೆ. ನೈಟ್ರಿಕ್ ಆದರೆ ತಾನೇ ಕಬ್ಬಿಣವನ್ನು ಆಕ್ಸಿಡೈಸ್ ಮಾಡಿಬಿಡಬಹುದು. ಫ್ಲಾಸ್ಕ್‌ನಲ್ಲಿ ಕಂದು ಬಣ್ಣ ಕಂಡರೆ ಆಮ್ಲ ಸಾಲದು ಅಂತ ಅರ್ಥ. ಡಿಸ್ಟಿಲ್ಡ್ ವಾಟರ್ ಕುದಿಸಿ ಆರಿಸಿ ಬಳಸಿ, ಕರಗಿದ ಆಕ್ಸಿಜನ್ ಕಡಿಮೆಯಾಗುತ್ತದೆ. ಬ್ಯುರೆಟ್‌ನಲ್ಲಿ ದ್ರಾವಣ ಗಾಢವಾಗಿ ಕಂಡರೆ ಮೇಲಿನ ಅಂಚನ್ನೇ ಓದಿ.

ಸ್ಟ್ರಿಪ್ ಮೇಲಿನ ಪೂರ್ತಿ ಸಾಲನ್ನು ಕಾಮೆಂಟ್‌ನಲ್ಲಿ ಹಾಕಿ. ಫ್ಯೂಮರೇಟೋ, ವಿಟಮಿನ್ ಸಿಯೋ ನೋಡಿ, ನಿಮ್ಮ ಲ್ಯಾಬ್‌ನಲ್ಲಿ ಇರುವುದರಲ್ಲೇ ಮಾಡುವ ದಾರಿ ಹೇಳುತ್ತೇನೆ.